ಮೂರಕ್ಷರದ 'ಸೆಟ್', ನಾನೂರ ಮೂವತ್ತು ಅರ್ಥ!

(ಕನ್ನಡ ಯುವಜನರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ಕನ್ನಡದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಾನು ಶುರು ಮಾಡುವುದು ಮಾತ್ರ ಒಂದು ಇಂಗ್ಲಿಷ್ ಪದದಿಂದ. ಗಾಬರಿಯಾಗಬೇಡಿ, ಸುತ್ತಿ ಬಳಸಿ ಮನೆಗೇ ಬರುತ್ತೇನೆ.

ಆ ಪದ 'ಸೆಟ್'. ಇಂಗ್ಲಿಷಿನಲ್ಲಿ ಬರೆದರೆ ಬರೀ ಮೂರಕ್ಷರ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದ. ಬೆಳಿಗ್ಗೆ ಏಳುವುದಕ್ಕೆ ಅಲಾರಾಂ ಸೆಟ್ ಮಾಡಿ ಮಲಗುತ್ತೀರಿ. ಎದ್ದು ಜಿಮ್ಮಿಗೆ ಹೋದರೆ ಮೂರು ಸೆಟ್ ಹೊಡೆಯುತ್ತೀರಿ. ಹೊರಗೆ ಬಂದು ದರ್ಶಿನಿಯಲ್ಲಿ ಸೆಟ್ ದೋಸೆ ತಿನ್ನುತ್ತೀರಿ. ಕ್ರಿಕೆಟ್ ನೋಡಲು ಕೂತರೆ ಬ್ಯಾಟ್ಸ್‌ಮನ್ ಸೆಟ್ ಆಗಿದ್ದಾನೆ, ಕ್ಯಾಪ್ಟನ್ ಫೀಲ್ಡ್ ಸೆಟ್ ಮಾಡುತ್ತಿದ್ದಾನೆ. ಸಿನಿಮಾದವರು ಸೆಟ್ ಹಾಕುತ್ತಾರೆ. ಊರಿಗೆ ಹೋದರೆ ಅಪ್ಪನ ಹೊಲದಲ್ಲಿ ಪಂಪ್‌ಸೆಟ್. ಕೊನೆಗೊಂದು ಕೆಲಸ ಸಿಕ್ಕಿತು ಅನ್ನಿ, 'ಲೈಫ್ ಸೆಟ್ ಆಯ್ತು ಮಗಾ' ಅಂತ ಸ್ನೇಹಿತ ಬೆನ್ನು ತಟ್ಟುತ್ತಾನೆ.

ಈಗ ಹೇಳಿ, 'ಸೆಟ್' ಅಂದರೆ ಏನು?

ನೋಡಿ, ಎಲ್ಲರೂ ಪಕ್ಕದವರ ಮುಖ ನೋಡುತ್ತಿದ್ದೀರಿ! ದಿನಕ್ಕೆ ಇಪ್ಪತ್ತು ಸಲ ಆಡುವ ಪದದ ಅರ್ಥ ಹೇಳಲು ಬಾಯಿ ಬರುತ್ತಿಲ್ಲ. ಇದು ನಿಮ್ಮ ದಡ್ಡತನವಲ್ಲ. ಪದದ ಸ್ವಭಾವವೇ ಹಾಗೆ. ಆದರೆ ಇದೇ ಜಾಗದಲ್ಲಿ ನಮ್ಮ ಹುಡುಗರು ಒಂದು ದೊಡ್ಡ ಮೋಸಕ್ಕೆ ಬೀಳುತ್ತಾರೆ. 'ಸೆಟ್‌ಗೆ ಕನ್ನಡದಲ್ಲಿ ಏನಂತಾರೆ ಸಾರ್?' ಎಂದು ಕೇಳುತ್ತಾರೆ. ಒಂದೇ ಪದದಲ್ಲಿ ಉತ್ತರ ಬರದಿದ್ದರೆ ಸಾಕು, 'ನೋಡಿದ್ರಾ, ಕನ್ನಡದಲ್ಲಿ ಪದಗಳೇ ಇಲ್ಲ' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಉತ್ತರ ಇಲ್ಲದ್ದಕ್ಕಲ್ಲ, ಪ್ರಶ್ನೆಯೇ ತಪ್ಪು ಎಂಬುದಕ್ಕಾಗಿ ಈ ಮಾತು. ಯಾಕೆ ತಪ್ಪು ಅನ್ನುವುದನ್ನು ಇಂಗ್ಲಿಷಿನವರ ಬಾಯಿಂದಲೇ ಕೇಳೋಣ.

ನಿಘಂಟಿನವರು ಪಟ್ಟ ಪಾಡು

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಹೆಸರು ನೀವೆಲ್ಲ ಕೇಳಿದ್ದೀರಿ. ಇಂಥದೊಂದು ನಿಘಂಟು ಬೇಕು ಎಂಬ ಮಾತು ಲಂಡನ್ನಿನಲ್ಲಿ ಎದ್ದಿದ್ದು 1857ರಲ್ಲಿ. ಮೊದಲ ಕಂತು ಅಚ್ಚಾಗಿದ್ದು 1884ರಲ್ಲಿ. ಕೊನೆಯ ಕಂತು ಬಂದಿದ್ದು 1928ರಲ್ಲಿ. ಜೇಮ್ಸ್ ಮರ್ರೆ ಎಂಬ ಪುಣ್ಯಾತ್ಮ ಬದುಕಿನ ಅರ್ಧಕ್ಕರ್ಧ ಅದಕ್ಕೇ ಸವೆಸಿ, ಕೆಲಸ ಮುಗಿಯುವುದನ್ನು ಕಾಣದೆ 1915ರಲ್ಲಿ ತೀರಿಕೊಂಡ. ಅವರಿಗೆ ಪದಗಳನ್ನು ಹೆಕ್ಕಿ ಕೊಟ್ಟವರು ಯಾರು? ಬರೀ ಪಂಡಿತರಲ್ಲ. ಓದುವ ಹವ್ಯಾಸವಿದ್ದ ಸಾಮಾನ್ಯ ಜನ ಪುಸ್ತಕ ಓದುತ್ತಾ ಓದುತ್ತಾ, ಯಾವ ಪದ ಯಾವ ಅರ್ಥದಲ್ಲಿ ಬಂತು ಅನ್ನುವುದನ್ನು ಚೀಟಿಯಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದರು. ಲಕ್ಷಗಟ್ಟಲೆ ಚೀಟಿಗಳು! ಈ ಚೀಟಿಯ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಆ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ ಬಂತು, 20 ಸಂಪುಟ. ಅದರಲ್ಲಿ ಅತಿ ಉದ್ದದ ವಿವರಣೆ ಯಾವ ಪದಕ್ಕೆ? ತತ್ವಶಾಸ್ತ್ರದ ಪದಕ್ಕಲ್ಲ, ವಿಜ್ಞಾನದ ಪದಕ್ಕಲ್ಲ. ನಮ್ಮ ಈ 'ಸೆಟ್' ಎಂಬ ಪುಟಾಣಿ ಕ್ರಿಯಾಪದಕ್ಕೆ! 430 ಅರ್ಥ. ವಿವರಿಸಲು ಸುಮಾರು 60 ಸಾವಿರ ಪದ. ಅಂದರೆ ಒಂದು ಕಾದಂಬರಿಯಷ್ಟು ಉದ್ದ. ಹಿಂದೆ-ಮುಂದೆ ಬೇರೆ ಪದ ಅಂಟಿಸಿಕೊಂಡು ಹುಟ್ಟುವ ನುಡಿಗಟ್ಟುಗಳು ಇದರ ಮೇಲೆ ಇನ್ನೂ ಬೇರೆ.

ಮುಂದಿನ ಪರಿಷ್ಕರಣೆಯಲ್ಲಿ 'ಸೆಟ್' ಗದ್ದುಗೆ ಕಳೆದುಕೊಂಡಿತು. 2000ದಲ್ಲಿ 'ಮೇಕ್' ಮುಂದೆ ಹೋಯಿತು, 2007ರಲ್ಲಿ 'ಪುಟ್', 2011ರಲ್ಲಿ 'ರನ್'. 'ರನ್' ಎಂಬ ಕ್ರಿಯಾಪದಕ್ಕೆ 645 ಅರ್ಥ. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಆ ಒಂದೇ ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ದರು. ಒಂದು ಕೂಸು ಹುಟ್ಟುವಷ್ಟು ಕಾಲ!

ಸೆಟ್, ಮೇಕ್, ಪುಟ್, ರನ್ - ಈ ನಾಲ್ಕನ್ನೂ ಗಮನಿಸಿ. ಎಲ್ಲವೂ ಚಿಕ್ಕವು. ಎಲ್ಲವೂ ಹಳೆಯವು. ಅಡುಗೆಮನೆ, ಕೊಟ್ಟಿಗೆ, ಹೊಲ, ಅಂಗಡಿಗಳಲ್ಲಿ ದುಡಿದ ಪದಗಳು. ಜಿ.ಕೆ. ಜಿಪ್ಫ್ ಎಂಬ ಅಮೆರಿಕದ ವಿದ್ವಾಂಸರು 1945ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದರು: ಪದ ಎಷ್ಟು ಹೆಚ್ಚು ಬಳಕೆಯಾಗುತ್ತದೋ ಅಷ್ಟು ಹೆಚ್ಚು ಅರ್ಥ ಹೊತ್ತುಕೊಳ್ಳುತ್ತದೆ. ಮನೆಯಲ್ಲಿ ಯಾರು ಕೆಲಸ ಮಾಡುತ್ತಾರೋ ಅವರ ಮೇಲೇ ಇನ್ನಷ್ಟು ಕೆಲಸ ಹೇರುವುದಿಲ್ಲವೇ, ಹಾಗೆ. ಇದು ಇಂಗ್ಲಿಷಿನ ಹಿರಿಮೆಯೂ ಅಲ್ಲ, ಬಡತನವೂ ಅಲ್ಲ. ಎಲ್ಲ ಭಾಷೆಗಳ ನಡವಳಿಕೆ.

ಬುಡಕ್ಕೆ ಹೋದರೆ ಸಿಗುವುದು 'ಕೂರಿಸು'

ನಾನೂರ ಮೂವತ್ತು ಅರ್ಥವನ್ನು ಬಾಯಿಪಾಠ ಮಾಡಲು ಸಾಧ್ಯವೇ? ಬೇಕಾಗಿಲ್ಲ. ಬುಡ ಹಿಡಿದರೆ ಕೊಂಬೆಗಳು ತಾವೇ ಕೈಗೆ ಬರುತ್ತವೆ.

ಇಂಗ್ಲಿಷಿನಲ್ಲಿ 'ಸಿಟ್' ಅಂದರೆ ಕೂರು. 'ಸೆಟ್' ಅಂದರೆ? ಹಳೆಯ ಇಂಗ್ಲಿಷಿನಲ್ಲಿ ಇದು 'ಸೆಟ್ಟನ್', ಅಂದರೆ ಕೂರುವಂತೆ ಮಾಡು. ನಮ್ಮ ಭಾಷೆಯಲ್ಲಿ ಕೂರು-ಕೂರಿಸು, ಏಳು-ಎಬ್ಬಿಸು ಇದ್ದ ಹಾಗೆ ಅವರದು ಸಿಟ್-ಸೆಟ್. ಇಷ್ಟು ಗೊತ್ತಾದ ಮೇಲೆ ನೋಡಿ ಮಜಾ.

ಅಕ್ಕಸಾಲಿಗ ಉಂಗುರದಲ್ಲಿ ಹರಳು 'ಸೆಟ್' ಮಾಡುತ್ತಾನೆ. ನಾವೇನು ಹೇಳುತ್ತೇವೆ? ಹರಳು ಕೂರಿಸಿದ ಉಂಗುರ! ಮುರಿದ ಮೂಳೆಯನ್ನು ವೈದ್ಯರು 'ಸೆಟ್' ಮಾಡುತ್ತಾರೆ. ನಾವು ಮೂಳೆ ಕೂರಿಸುವುದು ಅನ್ನುತ್ತೇವೆ. ಕೋಳಿಯನ್ನು ಮೊಟ್ಟೆಗಳ ಮೇಲೆ ಕಾವಿಗೆ ಬಿಡುವುದಕ್ಕೂ ಇಂಗ್ಲಿಷ್ ಹಳ್ಳಿಗರು 'ಸೆಟ್' ಅನ್ನುತ್ತಾರೆ, ನಮ್ಮ ಹಳ್ಳಿಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ. ಏಳು ಕಡಲಾಚೆಯ ರೈತನೂ ನಮ್ಮ ರೈತನೂ ಒಬ್ಬರನ್ನೊಬ್ಬರು ಕೇಳದೆ ಒಂದೇ ದಾರಿಯಲ್ಲಿ ಯೋಚಿಸಿದ್ದಾರೆ!

ಕೂತದ್ದು ಅಲ್ಲಾಡುವುದಿಲ್ಲ. ಆದ್ದರಿಂದ ನೀರಾಗಿದ್ದು ಗಟ್ಟಿಯಾದರೂ 'ಸೆಟ್'. ಸಿಮೆಂಟು ಬಿಗಿಯಿತು, ಮೊಸರು ಹೆಪ್ಪುಗಟ್ಟಿತು. ಅಲ್ಲಾಡದ ದಿನವೂ 'ಸೆಟ್': ಮದುವೆಗೆ ದಿನ ಗೊತ್ತಾಯಿತು. ಅಲ್ಲಾಡದ ಮನಸ್ಸೂ 'ಸೆಟ್': ಹಟ ಹಿಡಿದ. ಸೂರ್ಯ ತನ್ನ ಜಾಗಕ್ಕೆ ಹೋಗಿ ಕೂತ, ಅದೂ 'ಸೆಟ್'. ಇಲ್ಲಿ ಕನ್ನಡದ ಕಲ್ಪನೆ ಬೇರೆ. ನಮ್ಮ ಸೂರ್ಯ ಕೂರುವುದಿಲ್ಲ, ಮುಳುಗುತ್ತಾನೆ. ಹಳಗನ್ನಡದಲ್ಲಿ ಸೂರ್ಯ 'ಪಡು'ತ್ತಿದ್ದ. ಅದರಿಂದಲೇ ಪಡುವಣ ದಿಕ್ಕು. ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ದಿಕ್ಕಿನ ಹೆಸರಲ್ಲೇ ಸೂರ್ಯನ ದಿನಚರಿ ಬರೆದಿಟ್ಟ ಭಾಷೆ ಇದು.

ಇನ್ನು 'ಇಡು' ನೋಡಿ. ಬೋನು ಇಡು, ಬೆಂಕಿ ಇಡು, ಕಾಲಿಡು, ಮನಸ್ಸಿಡು, ಕಣ್ಣಿಡು, ಮುಹೂರ್ತ ಇಡು, ಅಲಾರಾಂ ಇಡು. ಈ ಏಳೂ ಕಡೆ ಇಂಗ್ಲಿಷಿನವನು 'ಸೆಟ್' ಎಂಬ ಒಂದೇ ಪದದಿಂದ ಕೆಲಸ ಮುಗಿಸುತ್ತಾನೆ. ನಾವೂ 'ಇಡು' ಎಂಬ ಒಂದೇ ಪದದಿಂದ ಮುಗಿಸುತ್ತೇವೆ. ಅವರದು ಮೂರಕ್ಷರ, ನಮ್ಮದು ಎರಡೇ ಅಕ್ಷರ! ಆದರೂ ನಮ್ಮ ಹುಡುಗ 'ಕನ್ನಡದಲ್ಲಿ ಪದ ಇಲ್ಲ' ಅನ್ನುತ್ತಾನೆ. ಪದ ಇದೆ ಕಣಯ್ಯಾ, ನಿನ್ನ ಬಾಯಲ್ಲೇ ಇದೆ, ನೀನು ನೋಡಿಕೊಂಡಿಲ್ಲ!

ಎರಡು ಪದ, ಒಂದೇ ವೇಷ

ಹಾಗಾದರೆ ಸೆಟ್ ದೋಸೆಯಲ್ಲಿ ಯಾರು ಕೂತಿದ್ದಾರೆ? ಪಂಪ್‌ಸೆಟ್ಟಿನಲ್ಲಿ ಯಾರು ಕೂತಿದ್ದಾರೆ? ಯಾರೂ ಇಲ್ಲ. ಅದು ಬೇರೆ ಮನೆತನದ ಪದ.

ಒಟ್ಟಿಗೆ ಸೇರಿದ ವಸ್ತುಗಳು, ಗುಂಪು ಎಂಬ ಅರ್ಥದ 'ಸೆಟ್' ಇಂಗ್ಲಿಷಿಗೆ ಬಂದಿದ್ದು ಹಳೆಯ ಫ್ರೆಂಚಿನ 'ಸೆಟ್ಟೆ' ಎಂಬ ಪದದಿಂದ. ಅದರ ತಾಯಿ ಲ್ಯಾಟಿನ್ನಿನ 'ಸೆಕ್ಟಾ'. ಹಿಂಬಾಲಿಸುವವರ ಕೂಟ, ಪಂಥ ಎಂದು ಅರ್ಥ. ಪಂಗಡಕ್ಕೆ ಇಂಗ್ಲಿಷಿನಲ್ಲಿ 'ಸೆಕ್ಟ್' ಅನ್ನುತ್ತಾರಲ್ಲ, ಅದೂ ಇದೇ ತಾಯಿಯ ಮಗು. ಅಂದರೆ ನಿಮ್ಮ ತಟ್ಟೆಯಲ್ಲಿ ಒಂದರ ಮೇಲೊಂದು ಮಲಗಿರುವ ಮೆತ್ತನೆಯ ದೋಸೆಗಳ ಹೆಸರಿಗೆ ರೋಮಿನ ಪಂಥಗಳ ನಂಟಿದೆ! ಚಟ್ನಿ, ಸಾಗು ಮಾತ್ರ ನಮ್ಮವೇ.

ಬೇರೆ ಬೇರೆ ಊರಿಂದ ಬಂದ ಇಬ್ಬರು ಕಾಲ ಕಳೆದಂತೆ ಒಂದೇ ಉಚ್ಚಾರ, ಒಂದೇ ಬರವಣಿಗೆಗೆ ಬಂದು ಒಂದೇ ಮನೆಯಲ್ಲಿ ಸಂಸಾರ ಹೂಡಿದರು. ಒಬ್ಬರ ಅರ್ಥ ಇನ್ನೊಬ್ಬರಿಗೆ ಅಂಟಿಕೊಂಡಿತು. ಈಗ ಅವರನ್ನು ಬಿಡಿಸುವುದು ಇಂಗ್ಲಿಷಿನವರಿಗೂ ಕಷ್ಟ.

ಇಂಥದ್ದು ಕನ್ನಡದಲ್ಲೂ ಆಗಿದೆ. 'ಕರೆ' ಎಂಬ ಪದ ತೆಗೆದುಕೊಳ್ಳಿ. ಹಸುವಿನ ಹಾಲು ಕರೆಯುತ್ತೇವೆ. ನೆಂಟರನ್ನು ಊಟಕ್ಕೆ ಕರೆಯುತ್ತೇವೆ. ಒಂದೇ ಪದವೇ? ಅಲ್ಲ. ಹಳಗನ್ನಡದಲ್ಲಿ ಹಾಲಿನ 'ಕಱೆ'ಗೆ ಶಕಟರೇಫ, ಅಂದರೆ ಬಂಡಿ ರ ಇತ್ತು. ಕೂಗಿ ಕರೆಯುವ 'ಕರೆ'ಗೆ ಮಾಮೂಲಿ ರ. ತಮಿಳಿನಲ್ಲಿ ಹಾಲು ಕರೆಯುವ ಪದಕ್ಕೆ ಇವತ್ತಿಗೂ ಆ ಗಡಸು ರ ಇದೆ. ನಮ್ಮಲ್ಲಿ ಆ ಅಕ್ಷರ ಬಿಟ್ಟುಹೋಯಿತು, ಎರಡು ಪದ ಒಂದೇ ವೇಷ ತೊಟ್ಟವು. ಅಷ್ಟಾದರೂ ಯಾವ ಕನ್ನಡಿಗನೂ ಹಸುವನ್ನು ಊಟಕ್ಕೆ ಕರೆದು ನೆಂಟರ ಹಾಲು ಕರೆಯಲು ಹೋಗಿಲ್ಲ! ಯಾಕೆ? ಅರ್ಥ ಪದದೊಳಗೆ ಡಬ್ಬಿಯಲ್ಲಿಟ್ಟ ಸಕ್ಕರೆಯಲ್ಲ. ಅಕ್ಕಪಕ್ಕದ ಪದಗಳು ಸೇರಿ ಅದನ್ನು ಗೊತ್ತುಮಾಡುತ್ತವೆ. 'ಸೆಟ್' ಅನ್ನು ಒಂಟಿಯಾಗಿ ನಿಲ್ಲಿಸಿ ಅರ್ಥ ಕೇಳಿದಾಗ ನೀವೆಲ್ಲ ತಡವರಿಸಿದ್ದು ಅದಕ್ಕೇ.

ಒಂದು ಎಚ್ಚರಿಕೆಯ ಮಾತು. ಕನ್ನಡದಲ್ಲಿ 'ಸೆಟೆ' ಎಂಬ ಪದವಿದೆ. ಸೆಟೆದು ನಿಂತ ಅಂದರೆ ಬಿಗಿಯಾಗಿ ನಿಂತ. 'ನೋಡಿ, ಸೆಟ್ ಅಂದರೂ ಗಟ್ಟಿಯಾಗು, ಸೆಟೆ ಅಂದರೂ ಗಟ್ಟಿಯಾಗು, ಇಂಗ್ಲಿಷು ಹುಟ್ಟಿದ್ದೇ ಕನ್ನಡದಿಂದ' ಎಂದು ಯಾರಾದರೂ ನಿಮ್ಮ ಮುಂದೆ ಭಾಷಣ ಬಿಗಿದರೆ ಚಪ್ಪಾಳೆ ತಟ್ಟಬೇಡಿ. ಇದು ಕಾಕತಾಳೀಯ. ಭಾಷೆಯ ಮೇಲಿನ ಅಭಿಮಾನಕ್ಕೆ ಸುಳ್ಳಿನ ಊರುಗೋಲು ಬೇಕಾಗಿಲ್ಲ.

ನಮ್ಮ 'ಕಟ್ಟು' ಕಂಡರೆ ಅವರೂ ತಲೆ ಕೆರೆದುಕೊಳ್ಳಬೇಕು

ಈಗ ತಕ್ಕಡಿಯನ್ನು ತಿರುಗಿಸೋಣ. ಇಂಗ್ಲಿಷ್ ಮಾತ್ರ ಬಲ್ಲವನೊಬ್ಬ ಕನ್ನಡ ಕಲಿಯಲು ಬಂದ ಅನ್ನಿ. ಅವನಿಗೆ 'ಕಟ್ಟು' ಎಂಬ ಪದ ಕೊಡಿ.

ಹಸು ಕಟ್ಟು. ಮನೆ ಕಟ್ಟು. ತಾಳಿ ಕಟ್ಟು. ಫೀಸು ಕಟ್ಟು. ಬುತ್ತಿ ಕಟ್ಟು. ಕಥೆ ಕಟ್ಟು. ವೇಷ ಕಟ್ಟು. ಸಂಘ ಕಟ್ಟು. ಬೆಲೆ ಕಟ್ಟು. ಬಾಜಿ ಕಟ್ಟು. ಗದ್ದೆಗೆ ನೀರು ಕಟ್ಟು. ಜೇನು ಕಟ್ಟಿತು. ಮೋಡ ಕಟ್ಟಿತು. ಗಂಟಲು ಕಟ್ಟಿತು. ಮೂಗು ಕಟ್ಟಿತು. ಹೂವು ಉದುರಿ ಕಾಯಿ ಕಟ್ಟಿತು. ನೋಡಿದ್ದು ಕಣ್ಣಿಗೆ ಕಟ್ಟಿತು. ಕಾಯಿಲೆಯವನು ಬಾಯಿ ಕಟ್ಟಿದ. ಅಂಗಡಿಯವನು ಫೋಟೋಗೆ ಕಟ್ಟು ಹಾಕಿದ. ಹಬ್ಬದ ದಿನ ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ನೀರೂ ಕಟ್ಟು, ಅದರಿಂದ ಕಟ್ಟಿನ ಸಾರು!

ಅವನು ಏನು ಮಾಡಬೇಕು ಪಾಪ? ಹಸುವಿಗೆ ಒಂದು ಇಂಗ್ಲಿಷ್ ಪದ, ಮನೆಗೆ ಇನ್ನೊಂದು, ಫೀಸಿಗೆ ಮತ್ತೊಂದು, ಬುತ್ತಿಗೆ ಮಗದೊಂದು. ಹತ್ತು ಹದಿನೈದು ಪದ ಜೋಡಿಸಿಟ್ಟುಕೊಂಡರೂ ಕಟ್ಟಿನ ಸಾರಿಗೆ ಬಂದು ಕೈಚೆಲ್ಲುತ್ತಾನೆ. ಹಾಗಂತ 'ಇಂಗ್ಲಿಷಿನಲ್ಲಿ ಪದವೇ ಇಲ್ಲ, ಬಡ ಭಾಷೆ' ಎಂದು ಅವನು ತಲೆ ತಗ್ಗಿಸುತ್ತಾನೆಯೇ? ಇಲ್ಲ. 'ಕನ್ನಡ ವಿಚಿತ್ರ ಭಾಷೆ' ಅನ್ನುತ್ತಾನೆ. ನಾವು ಮಾತ್ರ ಅವನ ಪದಕ್ಕೆ ನಮ್ಮಲ್ಲಿ ಒಂದೇ ಪದ ಸಿಗದಿದ್ದರೆ ನಮ್ಮ ತಾಯಿಯನ್ನೇ ಬಡವಿ ಅನ್ನುತ್ತೇವೆ. ಇದು ಭಾಷೆಯ ತೊಂದರೆಯಲ್ಲ ಗೆಳೆಯರೇ, ನಮ್ಮ ಎದೆಯ ತೊಂದರೆ.

ತಮಾಷೆ ನೋಡಿ. ಗಿಡದಲ್ಲಿ ಹೂವು ಕಾಯಾಗುವುದಕ್ಕೆ ತೋಟಗಾರಿಕೆಯ ಇಂಗ್ಲಿಷಿನಲ್ಲಿ 'ಫ್ರೂಟ್ ಸೆಟ್' ಅನ್ನುತ್ತಾರೆ. ನಮ್ಮ ರೈತ 'ಕಾಯಿ ಕಟ್ಟಿತು' ಅಥವಾ 'ಕಾಯಿ ಕಚ್ಚಿತು' ಅನ್ನುತ್ತಾನೆ. ಕೃಷಿ ಪದವಿ ಓದಿದ ಹುಡುಗ 'ಫ್ರೂಟ್ ಸೆಟ್ಟಿಂಗ್ ಹೇಗಿದೆ?' ಎಂದು ಕೇಳಿದರೆ ರೈತ ಪಿಳಿಪಿಳಿ ನೋಡುತ್ತಾನೆ. ತಿಳಿಯದೆ ಹೋದದ್ದು ಯಾರಿಗೆ? ರೈತನಿಗೆ ವಿಷಯ ಗೊತ್ತು. ಹುಡುಗನಿಗೆ ರೈತನ ಮಾತು ಗೊತ್ತಿಲ್ಲ.

ಅರ್ಥ ತಪ್ಪಿದರೆ ಕಳೆದುಕೊಳ್ಳುವುದು ನೀವು

ಇಷ್ಟೂ ಹೊತ್ತು ನಕ್ಕಿರಿ. ಈಗ ಸ್ವಲ್ಪ ನಗು ನಿಲ್ಲಿಸಿ ಕೇಳಿ.

'ಸೆಟ್' ಜೊತೆಗೆ 'ಅಸೈಡ್' ಸೇರಿದರೆ ಏನಾಗುತ್ತದೆ? ಮನೆಯಲ್ಲಿ ದುಡ್ಡು 'ಸೆಟ್ ಅಸೈಡ್' ಮಾಡುವುದೆಂದರೆ ಮಗಳ ಮದುವೆಗೋ ಮಗನ ಓದಿಗೋ ಎತ್ತಿಡುವುದು, ಜೋಪಾನ ಮಾಡುವುದು. ಅದೇ ಮಾತು ಕೋರ್ಟಿಗೆ ಹೋದರೆ? ಕೆಳಗಿನ ಕೋರ್ಟಿನ ಆದೇಶವನ್ನು ಮೇಲಿನ ಕೋರ್ಟು 'ಸೆಟ್ ಅಸೈಡ್' ಮಾಡಿತು ಅಂದರೆ ಜೋಪಾನವಾಗಿ ಎತ್ತಿಟ್ಟಿತು ಅಂತಲ್ಲ. ರದ್ದು ಮಾಡಿತು! ಒಂದೇ ಮಾತು, ಒಂದು ಕಡೆ ಉಳಿಸುವುದು, ಇನ್ನೊಂದು ಕಡೆ ಅಳಿಸುವುದು.

ಹೀಗೊಂದು ಊಹಿಸಿಕೊಳ್ಳಿ. ಒಬ್ಬ ಬಾಡಿಗೆದಾರನ ಪರವಾಗಿ ಕೆಳಗಿನ ಕೋರ್ಟಿನಲ್ಲಿ ಆದೇಶವಾಗಿತ್ತು. ಮೇಲಿನ ಕೋರ್ಟು ಅದನ್ನು 'ಸೆಟ್ ಅಸೈಡ್' ಮಾಡಿದೆ. ಹಾಳೆ ಕೈಗೆ ಬಂತು. ಮನೆಯಲ್ಲಿ ಇಂಗ್ಲಿಷ್ ಮೀಡಿಯಂ ಓದಿದ ಮಗ 'ಪಕ್ಕಕ್ಕೆ ಇಟ್ಟಿದ್ದಾರಪ್ಪ, ಆಮೇಲೆ ನೋಡ್ತಾರೆ' ಎಂದು ಬಿಡಿಸಿ ಹೇಳಿದ. ಅಪ್ಪ ನೆಮ್ಮದಿಯಾಗಿ ಮಲಗಿದ. ಮುಂದಿನ ಮೇಲ್ಮನವಿಗೆ ಇದ್ದ ಗಡುವು ದಾಟಿಹೋಯಿತು. ಪ್ರತಿ ಪದವೂ ಗೊತ್ತಿದ್ದ ಮಗ, ಮಾತು ಗೊತ್ತಿಲ್ಲದೆ ಮನೆ ಕಳೆದ!

ಸಂವಿಧಾನದ 348ನೇ ವಿಧಿಯ ಪ್ರಕಾರ, ಸಂಸತ್ತು ಕಾನೂನು ಮಾಡಿ ಬೇರೆ ಹೇಳುವವರೆಗೆ ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳ ನಡವಳಿಕೆ ಇಂಗ್ಲಿಷಿನಲ್ಲಿ. ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಜಾಗವಿದೆ, ಕನ್ನಡದಲ್ಲಿ ತೀರ್ಪು ಬರೆದ ನ್ಯಾಯಾಧೀಶರೂ ಇದ್ದಾರೆ. ಅಲ್ಲಿ ಕನ್ನಡ ಕೇಳಿ. ಮೇಲಿನ ಕೋರ್ಟಿನ ಹಾಳೆ ಬಂದರೆ ವಕೀಲರನ್ನು ಕೂರಿಸಿಕೊಂಡು 'ಇದರ ಅರ್ಥ ಕನ್ನಡದಲ್ಲಿ ಹೇಳಿ ಸ್ವಾಮಿ' ಎಂದು ಕೇಳಲು ನಾಚಬೇಡಿ.

ಇನ್ನೊಂದು, 'ಸೆಟ್ ಆಫ್'. ದಿನದ ಇಂಗ್ಲಿಷಿನಲ್ಲಿ ಪ್ರಯಾಣ ಹೊರಡುವುದು, ಪಟಾಕಿ ಹೊಡೆಯುವುದು. ಆದರೆ ಸಾಲದ ಕರಾರು ಪತ್ರದಲ್ಲಿ ಸಣ್ಣ ಅಕ್ಷರದಲ್ಲಿ ಬ್ಯಾಂಕಿಗೆ 'ಸೆಟ್ ಆಫ್' ಹಕ್ಕಿದೆ ಎಂದು ಬರೆದಿದ್ದರೆ? ನೀವು ಕಂತು ಕಟ್ಟದೆ ಹೋದರೆ ಅದೇ ಬ್ಯಾಂಕಿನಲ್ಲಿ ನಿಮ್ಮ ಖಾತೆಯಲ್ಲಿರುವ ಹಣವನ್ನು ಸಾಲಕ್ಕೆ ಮುರಿದುಕೊಳ್ಳುವ ಹಕ್ಕು. ಎಷ್ಟು ಚೆನ್ನಾದ ಪದ ನಮ್ಮದು, 'ಮುರಿದುಕೊಳ್ಳುವುದು'! ಊರ ಕಿರಾಣಿ ಅಂಗಡಿಯವನು ಕೂಡ 'ಹಳೇ ಬಾಕಿಗೆ ಮುರ್ಕೊಂಡಿದೀನಿ' ಅನ್ನುತ್ತಾನೆ. ಆ ಒಂದು ಪದ ಅರ್ಜಿಯಲ್ಲಿದ್ದರೆ ಸಾಲಗಾರನಿಗೆ ಎದೆ ಝಲ್ಲೆಂದು ಅರ್ಥವಾಗುತ್ತಿತ್ತು. 'ಸೆಟ್ ಆಫ್' ಎಂದಿದ್ದಕ್ಕೆ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ.

ಜೈಲಿನ ಗೋಡೆಯೊಳಗೂ ಈ ಪದ ಇದೆ. ವಿಚಾರಣೆ ನಡೆಯುವಾಗ ಒಬ್ಬ ಒಂದು ವರ್ಷ ಜೈಲಿನಲ್ಲಿದ್ದ. ಕೊನೆಗೆ ಮೂರು ವರ್ಷ ಶಿಕ್ಷೆಯಾಯಿತು. ಆಗಲೇ ಕಳೆದ ಒಂದು ವರ್ಷವನ್ನು ಶಿಕ್ಷೆಯಲ್ಲಿ ಕಳೆಯಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂ ಹೇಳುತ್ತಿತ್ತು. ಜುಲೈ 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಈ ಏರ್ಪಾಟು ಉಳಿದಿದೆ. ಅದರ ಹೆಸರೂ 'ಸೆಟ್ ಆಫ್'. ಈ ಎರಡು ಪುಟ್ಟ ಪದಗಳ ಅರ್ಥ ಗೊತ್ತಿದ್ದವನಿಗೆ ಇನ್ನು ಎರಡು ವರ್ಷ, ಗೊತ್ತಿಲ್ಲದವನ ಮನೆಯವರಿಗೆ ಲೆಕ್ಕವೇ ಸಿಗುವುದಿಲ್ಲ. ಭಾಷೆಯ ಹಕ್ಕು ಅಂದರೆ ಬರೀ ಬೋರ್ಡಿನ ಮೇಲಿನ ಅಕ್ಷರ ಎಂದುಕೊಂಡವರು ಇದನ್ನು ಯೋಚಿಸಲಿ. ಮನೆ, ದುಡ್ಡು, ಬಿಡುಗಡೆ ಮೂರೂ ಒಂದು ಪದದ ಅರ್ಥಕ್ಕೆ ನೇತುಬಿದ್ದಿವೆ.

ಬ್ಯಾಂಕಿನ ವಿಷಯದಲ್ಲಿ ನಿಮ್ಮ ಕೈಗೆ ಆಯುಧವಿದೆ. ಸಾಮಾನ್ಯ ಗ್ರಾಹಕರು ಬಳಸುವ ಅರ್ಜಿ, ಚಲನ್, ಪಾಸ್‌ಬುಕ್ಕುಗಳು ಇಂಗ್ಲಿಷ್, ಹಿಂದಿ ಮತ್ತು ಆಯಾ ರಾಜ್ಯದ ಭಾಷೆ ಮೂರರಲ್ಲೂ ಸಿಗಬೇಕು ಎಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. 'ಕನ್ನಡದ ಅರ್ಜಿ ಕೊಡಿ' ಅನ್ನುವುದು ಜಗಳವಲ್ಲ, ಬೇಡಿಕೆಯೂ ಅಲ್ಲ, ಆಗಲೇ ನಿಮಗೆ ಕೊಟ್ಟಿರುವುದನ್ನು ಕೇಳುವುದು.

ಹತ್ತು ಪದ ನುಂಗುವ ಒಂದು ಪದ

'ಹಾಗಾದರೆ ಸೆಟ್ ಎಂಬ ಪದವನ್ನೇ ಬಿಡಬೇಕಾ ಸಾರ್?' ಎಂದು ಕೇಳುತ್ತೀರಿ. ಬೇಡ. ಸೆಟ್ ದೋಸೆಗೆ ಹೊಸ ಹೆಸರಿಟ್ಟು ಮಾಣಿಯನ್ನು ಕಂಗೆಡಿಸಬೇಡಿ. ಪಂಪ್‌ಸೆಟ್ ರೈತನ ಬಾಯಲ್ಲಿ ಕನ್ನಡವೇ ಆಗಿದೆ. ಹೊಸ ವಸ್ತುವಿನ ಜೊತೆ ಹೊಸ ಹೆಸರು ಬರುತ್ತದೆ, ಬರಲಿ. ನಮ್ಮ ಜನ ಅದಕ್ಕೆ ಇಂಗ್ಲಿಷಿನವರೂ ಕೊಡದ ಅರ್ಥ ಕೊಟ್ಟಿದ್ದಾರೆ. 'ಈ ಬಣ್ಣ ನಿನಗೆ ಸೆಟ್ ಆಗಲ್ಲ' ಎಂಬ ಮಾತನ್ನು ಪದಕ್ಕೆ ಪದ ಇಂಗ್ಲಿಷಿಗೆ ಹಾಕಿ ಲಂಡನ್ನಿನಲ್ಲಿ ಹೇಳಿದರೆ ಅವನಿಗೆ ಅರ್ಥವಾಗುವುದಿಲ್ಲ. ಅದು ಶುದ್ಧ ನಮ್ಮ ಬಳಕೆ!

ನನ್ನ ತಕರಾರು ವಸ್ತುವಿನ ಹೆಸರಿನ ಬಗ್ಗೆ ಅಲ್ಲ. 'ಸೆಟ್ ಮಾಡು' ಎಂಬ ಕ್ರಿಯೆಯ ಬಗ್ಗೆ. ಇಂಗ್ಲಿಷಿನ ಪದ ತನ್ನ ನಾನೂರು ಅರ್ಥವನ್ನೂ ಹೆಗಲ ಮೇಲೆ ಹೊತ್ತು ಬರುತ್ತದೆ. ಒಂದು ಬಾಗಿಲಲ್ಲಿ ಒಳಗೆ ಬಿಟ್ಟರೆ ಎಲ್ಲ ಕೋಣೆಗಳನ್ನೂ ಹಿಡಿಯುತ್ತದೆ. ಬಲೆ ಒಡ್ಡುತ್ತಿದ್ದೆವು, ಈಗ ಬಲೆ ಸೆಟ್ ಮಾಡುತ್ತೇವೆ. ದಿನ ಗೊತ್ತುಮಾಡುತ್ತಿದ್ದೆವು, ಈಗ ಡೇಟ್ ಸೆಟ್. ಹರಳು ಕೂರಿಸುತ್ತಿದ್ದೆವು, ಈಗ ಸೆಟ್. ಮೊಸರಿಗೆ ಹೆಪ್ಪು ಹಾಕುತ್ತಿದ್ದೆವು, ಈಗ ಸೆಟ್. ಅಚ್ಚುಮನೆಯಲ್ಲಿ ಮೊಳೆ ಜೋಡಿಸುತ್ತಿದ್ದೆವು. ಒಲೆ ಹೂಡುತ್ತಿದ್ದೆವು. ಕಂಬ ನೆಡುತ್ತಿದ್ದೆವು. ಹಾಡಿಗೆ ರಾಗ ಹಾಕುತ್ತಿದ್ದೆವು. ಒಡ್ಡು, ಹೂಡು, ನೆಡು, ಹಚ್ಚು, ಕೂರಿಸು, ಜೋಡಿಸು... ಒಂದೊಂದು ಪದವೂ ಒಂದೊಂದು ಕೈಕೆಲಸದ ಚಿತ್ರ. 'ಸೆಟ್ ಮಾಡು' ಅಂದಾಗ ಚಿತ್ರವೆಲ್ಲ ಅಳಿಸಿ ಬಿಳಿ ಗೋಡೆ ಉಳಿಯುತ್ತದೆ.

ಇಂಗ್ಲಿಷ್ ಬಲ್ಲವನಿಗೆ ನಷ್ಟವಿಲ್ಲ. ಅವನ ಭಾಷೆಯಲ್ಲಿ 'ಸೆಟ್' ಜೊತೆಗೆ ಬೇರೆ ಸಾವಿರ ಕ್ರಿಯಾಪದಗಳಿವೆ, ಬೇಕಾದಾಗ ತೆಗೆಯುತ್ತಾನೆ. ಆ ಸಾವಿರವೂ ಗೊತ್ತಿಲ್ಲದೆ, ತನ್ನ ಸಾವಿರವನ್ನೂ ಬಿಟ್ಟು, 'ಸೆಟ್ ಮಾಡು, ಅಡ್ಜಸ್ಟ್ ಮಾಡು, ಫಿಕ್ಸ್ ಮಾಡು' ಎಂಬ ಮೂರು ಕೋಲು ಹಿಡಿದು ನಿಂತವನು ನಮ್ಮ ನಗರದ ಹುಡುಗ. ಅತ್ತ ಇಂಗ್ಲಿಷ್ ಸಂದರ್ಶನದಲ್ಲಿ ತಡವರಿಸುತ್ತಾನೆ, ಇತ್ತ ಅಜ್ಜಿಯ ಮಾತು ಅರ್ಥವಾಗುವುದಿಲ್ಲ. ನಾನು ಹೆದರುವುದು ಇವನಿಗಾಗಿ.

ಮೊಬೈಲು ಇದೆಯಲ್ಲ, ಅನುವಾದ ಮಾಡುತ್ತದಲ್ಲ ಅನ್ನುತ್ತೀರಿ. ಗೂಗಲ್ಲಿನ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಅಲ್ಲಿಂದ ಇಲ್ಲಿಗೆ ಬಹಳ ಸುಧಾರಿಸಿದೆ, ಒಪ್ಪುತ್ತೇನೆ. ಆದರೆ ಯಂತ್ರ ಕಲಿಯುವುದು ನಾವು ಬರೆದಿಟ್ಟ ಕನ್ನಡದಿಂದ. ನಾವು ಎಲ್ಲ ಕಡೆ 'ಸೆಟ್ ಮಾಡು' ಎಂದೇ ಬರೆದರೆ ಯಂತ್ರವೂ ಅದನ್ನೇ ಕಲಿತು ನಮ್ಮ ಮಕ್ಕಳಿಗೆ ಪಾಠ ಹೇಳುತ್ತದೆ. ಹಾಕಿದ ಬೀಜವೇ ಬೆಳೆ.

ನೀವು ಮಾಡಬಹುದಾದದ್ದು

ಬರೀ ಬೈದು ಹೋಗಲು ಬಂದವನಲ್ಲ ನಾನು. ಮೂರು ಕೆಲಸ ಹೇಳುತ್ತೇನೆ.

ಒಂದು, ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ. ಹೌದು, ಸರಿಯಾಗಿ ಕೇಳಿಸಿಕೊಂಡಿರಿ. ಅರ್ಧಂಬರ್ಧ ಇಂಗ್ಲಿಷೇ ಕನ್ನಡದ ದೊಡ್ಡ ಶತ್ರು. ದೊಡ್ಡ ದೊಡ್ಡ ಪದಗಳ ಬೆನ್ನು ಹತ್ತಬೇಡಿ. ಸೆಟ್, ರನ್, ಪುಟ್, ಗೆಟ್, ಟೇಕ್, ಮೇಕ್ - ಈ ಚಿಕ್ಕವನ್ನು ಹಿಡಿಯಿರಿ. ಬುಡದ ಅರ್ಥ ಯಾವುದು, ಅದು ಹೇಗೆ ಕವಲೊಡೆಯಿತು ಎಂದು ನೋಡಿ. ಪ್ರತಿಯೊಂದು ಅರ್ಥವನ್ನೂ ಕನ್ನಡದ ಒಂದು ವಾಕ್ಯದ ಎದುರಿಗಿಟ್ಟು ನೋಡಿ. ಇಂಗ್ಲಿಷಿನ ಹೆದರಿಕೆ ಹೋಗುತ್ತದೆ, ಕನ್ನಡದ ಮೇಲಿನ ತಾತ್ಸಾರವೂ ಹೋಗುತ್ತದೆ.

ಎರಡು, ಕನ್ನಡ ನಿಘಂಟನ್ನು ಮುಟ್ಟಿ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಇವತ್ತಿಗೂ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ದಶಕಗಳ ದುಡಿಮೆಯ ಫಲ. ಅದಕ್ಕೆ ದುಡಿದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡಾಗ 107 ವರ್ಷ. 'ಇಗೋ ಕನ್ನಡ' ಎಂಬ ಅಂಕಣದಲ್ಲಿ ಅವರು ಓದುಗರು ಕೇಳಿದ ಪದಗಳಿಗೆ ವರ್ಷಾನುಗಟ್ಟಲೆ ಉತ್ತರ ಬರೆದರು. 'ಕಟ್ಟು', 'ಇಡು', 'ಹಿಡಿ', 'ಬಿಡು' ಪದಗಳ ಪುಟ ತೆಗೆದು ಅರ್ಧ ಗಂಟೆ ಕೂತು ಓದಿ. ಆಮೇಲೆ ಕನ್ನಡ ಬಡ ಭಾಷೆ ಅನ್ನಲು ನಿಮ್ಮ ನಾಲಿಗೆಯೇ ಏಳುವುದಿಲ್ಲ.

ಮೂರು, ಆ ಚೀಟಿಗಳ ಮಾತು. ಇಂಗ್ಲಿಷಿನ ಮಹಾ ನಿಘಂಟಿಗೆ ಪದ ಹೊತ್ತು ತಂದವರು ನಿಮ್ಮಂಥ ಸಾಮಾನ್ಯ ಓದುಗರು. ನಿಮ್ಮ ಬೀದಿಯಲ್ಲೇ ಗಾರೆ ಕೆಲಸದವರಿದ್ದಾರೆ, ಬಡಗಿಗಳಿದ್ದಾರೆ, ಅಕ್ಕಸಾಲಿಗರಿದ್ದಾರೆ, ಹೂ ಕಟ್ಟುವ ಅಮ್ಮಂದಿರಿದ್ದಾರೆ. ಊರಲ್ಲಿ ಅಜ್ಜಿ ಇದ್ದಾಳೆ. ಅವರು ಚೌಕಟ್ಟು ಕೂರಿಸುವಾಗ, ಕೀಲು ಜೋಡಿಸುವಾಗ, ಹೆಪ್ಪು ಹಾಕುವಾಗ ಯಾವ ಪದ ಆಡುತ್ತಾರೆ ಎಂದು ಕಿವಿಗೊಟ್ಟು ಕೇಳಿ. ಒಂದು ಚೀಟಿಯಲ್ಲಿ ಪದ, ಅವರು ಆಡಿದ ವಾಕ್ಯ, ಊರಿನ ಹೆಸರು, ತಾರೀಖು ಬರೆದಿಡಿ. ಮೊಬೈಲಿನಲ್ಲೇ ಬರೆಯಿರಿ, ಅಡ್ಡಿಯಿಲ್ಲ. ವಾರಕ್ಕೆ ಐದು ಚೀಟಿ ಸಾಕು. ಇಲ್ಲಿ ಕೂತ ನೂರು ಜನ ಒಂದು ವರ್ಷ ಮಾಡಿದರೆ 26 ಸಾವಿರ ಚೀಟಿ! ಯಾವ ಸರ್ಕಾರದ ಅನುದಾನವೂ ಬೇಡ, ಯಾರ ಶಿಫಾರಸೂ ಬೇಡ.

ಮರ್ರೆ ತಾನು ಮುಗಿಸುವ ಮೊದಲೇ ತೀರಿಕೊಂಡ, ಆದರೆ ಚೀಟಿಗಳು ಉಳಿದವು, ನಿಘಂಟು ಮುಗಿಯಿತು. ನಮ್ಮ ಅಜ್ಜಿಯರ ಮಾತಿಗೆ ಚೀಟಿಗಳೇ ಇಲ್ಲ. ಅವರು ಹೋದ ದಿನ ಪದವೂ ಅವರ ಜೊತೆಗೇ ಹೋಗುತ್ತದೆ. ಈ ಭಾನುವಾರ ಊರಿಗೆ ಹೋಗುವವರು ಒಂದು ಪೆನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ.